ಆರನೇ ತರಗತಿಯ ಕೈಮಾತು

ಆ ಖಾಸಗಿ ಶಾಲೆಗೆ ಕಿವಿ ಕೇಳಿಸದ ಮಗುವೊಂದು ಸೇರಿದ್ದು ಅದೇ ಮೊದಲು. ಹಿಂದಿನ ವರ್ಷವಷ್ಟೇ ಆಡಳಿತ ಮಂಡಳಿಯವರು ‘ಎಲ್ಲರ ಶಾಲೆ’ ಎಂಬ ಯೋಜನೆ ಘೋಷಿಸಿ, ಗೇಟಿನ ಮೇಲೆ ದೊಡ್ಡ ಫಲಕ ಹಾಕಿಸಿ, ಸಮಾನತಾ ಸಮಿತಿಯೊಂದನ್ನೂ ಮಾಡಿದ್ದರು. ಸಮಿತಿಗೆ ಶಿಕ್ಷಕರ ಪರವಾಗಿ ಯಾರೂ ಮುಂದೆ ಬರದಿದ್ದಾಗ, ಸಭೆಗೆ ತಡವಾಗಿ ಬಂದ ಆರನೇ ತರಗತಿಯ ಟೀಚರ್ ಹೆಸರನ್ನು ಉಳಿದವರೆಲ್ಲ ಸೇರಿ ಸೂಚಿಸಿಬಿಟ್ಟಿದ್ದರು. ಹಾಗಾಗಿ ಹುಡುಗಿ ಬಂದಾಗ ಅವಳನ್ನು ಕಳಿಸಿದ್ದೂ ಅವರ ತರಗತಿಗೇ.

ಹುಡುಗಿಯ ಕೈಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೆರಳು, ಹುಬ್ಬು, ಭುಜ ಎಲ್ಲವೂ ಮಾತಾಡುತ್ತಿದ್ದವು. ಮಕ್ಕಳು ಅವಳಿಗೆ ಮಿಂಚು ಎಂದು ಹೆಸರಿಟ್ಟರು. ಟೀಚರ್ ಅವಳ ಪಕ್ಕಕ್ಕೆ ಬೇಕೆಂದೇ, ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದ ಹುಡುಗಿಯನ್ನು ಕೂರಿಸಿದರು. ಅವಳು ದಂತವೈದ್ಯರೊಬ್ಬರ ಮಗಳು, ಬಾಯಿಗೆ ಬೀಗವಿಲ್ಲದವಳು. ಕೇಳಿಸದವಳ ಪಕ್ಕ ಕೂತು ಎಷ್ಟು ತಾನೇ ಹರಟಿಯಾಳು ಎಂಬುದು ಟೀಚರ್ ಲೆಕ್ಕಾಚಾರ. ಅದು ತಲೆಕೆಳಗಾಯಿತು. ಕೆಲವೇ ವಾರಗಳಲ್ಲಿ ರೇಡಿಯೋ ಕೈಯಲ್ಲೂ ಹರಟತೊಡಗಿದಳು.

ಅವಳನ್ನು ನೋಡಿ ಉಳಿದವರಿಗೂ ಆಸೆಯಾಯಿತು. ಟೀಚರ್ ಮಿಂಚುವಿನ ತಾಯಿಯನ್ನು ಕರೆಸಿದರು. ಆಕೆ ಹತ್ತಿರದ ಅಂಗಡಿಯೊಂದರಲ್ಲಿ ಬಟ್ಟೆ ಹೊಲಿಯುವವರು. ಶುಕ್ರವಾರ ಊಟದ ಬಿಡುವಿನಲ್ಲಿ, ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿರುವಾಗಲೇ ಓಡಿಬಂದು ಕೈಮಾತು ಕಲಿಸಿ ಹೋಗುತ್ತಿದ್ದರು. ಮಕ್ಕಳು ಎಲ್ಲರಿಗೂ ಕೈಹೆಸರು ಇಟ್ಟರು. ಕೊರಳಪಟ್ಟಿ ಸರಿಮಾಡಿಕೊಂಡಂತೆ ಮಾಡಿದರೆ ಪ್ರಿನ್ಸಿಪಾಲರು. ಹೊಟ್ಟೆ ಸವರಿಕೊಂಡರೆ ಗಣಿತದ ಮೇಷ್ಟ್ರು. ತುರುಬಿಗೆ ಪೆನ್ಸಿಲ್ ಸಿಕ್ಕಿಸಿದಂತೆ ಮಾಡಿದರೆ ತಾವೇ ಎಂದು ಟೀಚರಿಗೆ ಗೊತ್ತಾದಾಗ ಅವರು ಮುಖ ಕೆಂಪಾಗುವಷ್ಟು ನಕ್ಕರು.

“ಏನ್ರೀ, ನಿಮ್ ಕ್ಲಾಸು ಅಷ್ಟು ಸೈಲೆಂಟು? ಮಂತ್ರ ಹಾಕಿದೀರಾ?” ಎಂದು ಪಕ್ಕದ ತರಗತಿಯವರು ಕೇಳುತ್ತಿದ್ದರು. ಒಳಗೆ ನಡೆಯುವ ಗದ್ದಲ ಅವರಿಗೆ ಕೇಳಿಸುತ್ತಿರಲಿಲ್ಲ, ಅಷ್ಟೇ.

ಅರ್ಧವಾರ್ಷಿಕ ಪರೀಕ್ಷೆ ಬಂತು. ಗಣಿತದ ಪತ್ರಿಕೆಯಲ್ಲಿ ನೀರಿನ ತೊಟ್ಟಿಯ ಪ್ರಶ್ನೆಯೊಂದಿತ್ತು: ಎರಡು ನಲ್ಲಿ ಬಿಟ್ಟರೆ ತೊಟ್ಟಿ ತುಂಬಲು ಎಷ್ಟು ಗಂಟೆ ಬೇಕು? ಉತ್ತರ ನಾಲ್ಕು. ಆದರೆ ಅರ್ಧ ತರಗತಿ ಐದು ಎಂದು ಬರೆದಿತ್ತು, ಅದೂ ಒಂದೇ ಒಂದು ಹಂತ ತೋರಿಸದೆ. ಗಣಿತದ ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಳಿದರು. ರೇಡಿಯೋಗೆ ಗುಟ್ಟು ಹೊಟ್ಟೆಯಲ್ಲಿ ಉಳಿಯುವ ವಸ್ತುವೇ ಅಲ್ಲ; ಅವಳೇ ಎಲ್ಲ ಹೇಳಿಬಿಟ್ಟಳು. ಅವಳು ಉತ್ತರ ಕೇಳಿದ್ದು ಮಿಂಚುವನ್ನು. ಮಿಂಚು ಹೆಬ್ಬೆರಳು ಮಡಚಿ ನಾಲ್ಕು ಎಂದು ತೋರಿಸಿದ್ದಳು. ಅವಸರದಲ್ಲಿ ರೇಡಿಯೋ ಹೆಬ್ಬೆರಳನ್ನು ಗಮನಿಸದೆ ಹಿಂದಿನವರಿಗೆಲ್ಲ ಐದು ಬೆರಳನ್ನೂ ಚಾಚಿ ದಾಟಿಸಿದ್ದಳು.

ಟೀಚರಿಗೆ ಮೊದಲು ನಗು ಬಂತು, ಆಮೇಲೆ ಭಯವಾಯಿತು. ಮಕ್ಕಳು ಕಾಪಿ ಹೊಡೆದದ್ದು ನಿಜ. ಮಿಂಚು ಹೇಳಿಕೊಟ್ಟದ್ದೂ ನಿಜ. ಎಲ್ಲರಿಗೂ ಮತ್ತೆ ಪರೀಕ್ಷೆ ಇಟ್ಟು, ಚೆನ್ನಾಗಿ ಬೈದು, ಇಲ್ಲಿಗೆ ಮುಗಿಸೋಣ ಎಂದು ಅವರು ಪ್ರಿನ್ಸಿಪಾಲರನ್ನು ಕೇಳಿಕೊಂಡರು. ಅಷ್ಟರಲ್ಲಿ ಸುದ್ದಿ ಪೋಷಕರ ಫೋನುಗಳಲ್ಲೆಲ್ಲ ಹರಿದಾಡಿ ಸಮಾನತಾ ಸಮಿತಿಯ ಸಭೆ ಕರೆಯಲೇಬೇಕಾಯಿತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಸಭೆ ನಡೆಯಿತು. ಪೋಷಕರ ಪರವಾಗಿ ಸಮಿತಿಯಲ್ಲಿದ್ದವರು ರೇಡಿಯೋಳ ಅಪ್ಪ ದಂತವೈದ್ಯರೇ. ಒಳ್ಳೆಯ ಮನುಷ್ಯ, ದನಿ ಏರಿಸಿದವರಲ್ಲ.

“ಆ ಮಗು ಬಗ್ಗೆ ನಂಗೇನೂ ಬೇಜಾರಿಲ್ಲ ಮೇಡಂ. ಆದ್ರೆ ನಮ್ಮ ಮಗಳು ಊಟಕ್ಕೆ ಕೂತ್ರೂ ಕೈ ಆಡಿಸ್ತಾಳೆ. ನನ್ನ ಹೆಂಡ್ತಿ ಬಗ್ಗೆ ಏನೋ ಅಂತಾಳೆ, ನಮಗೆ ಅರ್ಥ ಆಗಲ್ಲ. ಹತ್ತು ಜನ ಇರೋ ಕಡೆ ಬೇರೆಯವ್ರಿಗೆ ತಿಳಿಯದ ಭಾಷೆ ಆಡಿದ್ರೆ ಅದು ಹೊರಗಿಟ್ಟ ಹಾಗಲ್ವಾ? ಎಲ್ಲರನ್ನೂ ಒಳಗೆ ಸೇರಿಸ್ಕೋಬೇಕು ಅಂತ ನೀವೇ ತಾನೇ ಹೇಳೋದು?”

“ತಿಳಿಯದಿದ್ರೆ ಕಲೀಬಹುದು ಸರ್,” ಎಂದರು ಟೀಚರ್. “ಮಕ್ಕಳು ಕಲ್ತಿಲ್ವಾ?”

“ನಂಗೆ ಕ್ಲಿನಿಕ್ ಇದೆಯಲ್ಲ ಮೇಡಂ,” ಎಂದು ಅವರು ನಕ್ಕರು. ಪ್ರಿನ್ಸಿಪಾಲರೂ ನಕ್ಕರು.

ಪ್ರಿನ್ಸಿಪಾಲರ ಬಳಿ ಪರಿಹಾರ ಸಿದ್ಧವಾಗಿತ್ತು. ಮಿಂಚುವಿಗೆ ಶಾಲೆಯ ಕಡೆಯಿಂದ ಒಂದು ಟ್ಯಾಬ್. ಟೀಚರ್ ಆಡಿದ ಮಾತು ಅದರಲ್ಲಿ ಅಕ್ಷರವಾಗಿ ಮೂಡುತ್ತದೆ. ಅವಳೂ ಅದರಲ್ಲೇ ಬರೆದು ತೋರಿಸಬಹುದು. ತರಗತಿಯೊಳಗೆ ಕೈಮಾತು ಯಾರೂ ಆಡುವಂತಿಲ್ಲ. ರೇಡಿಯೋ ಇನ್ನುಮುಂದೆ ಬಿ ವಿಭಾಗಕ್ಕೆ.

“ಅದು ಅವಳ ಭಾಷೆ ಸರ್,” ಟೀಚರ್ ಕುರ್ಚಿಯ ಅಂಚಿಗೆ ಬಂದಿದ್ದರು. “ಟ್ಯಾಬ್ ಕೊಡಿ, ಬೇಡ ಅನ್ನಲ್ಲ. ಕೈ ಕಟ್ಟಬೇಡಿ.”

“ಯಾರ್ರೀ ಕೈ ಕಟ್ಟಿದ್ದು? ನಿಯಮ ಎಲ್ಲ ಮಕ್ಕಳಿಗೂ ಒಂದೇ. ಅದೇ ಅಲ್ವಾ ಸಮಾನತೆ?” ಎಂದರು ಪ್ರಿನ್ಸಿಪಾಲರು.

ಟೀಚರ್ ಬಾಯಿ ತೆರೆದರು. ಅದು ತಪ್ಪು ಎಂದು ಗೊತ್ತಿತ್ತು, ಎಲ್ಲಿ ತಪ್ಪು ಎಂದು ಹುಡುಕಿಕೊಳ್ಳುವಷ್ಟರಲ್ಲಿ ಪ್ರಿನ್ಸಿಪಾಲರು ವಿಷಯವನ್ನು ಮತಕ್ಕೆ ಹಾಕಿದರು. ಕೈ ಎತ್ತಿಸಿ ಎಣಿಸಿದಾಗ ವಿರೋಧವಾಗಿ ಎದ್ದದ್ದು ಅವರದೊಂದೇ ಕೈ.

ಆ ನಿಯಮವನ್ನು ತರಗತಿಗೆ ತಿಳಿಸಬೇಕಾದವರೂ ಅವರೇ. ಟ್ಯಾಬ್ ಇನ್ನೂ ಬಂದಿರಲಿಲ್ಲ. ಮಾತಿನಲ್ಲಿ ಹೇಳಿ ಮುಗಿಸಿದಾಗ ಮಕ್ಕಳೆಲ್ಲ ತಲೆ ತಗ್ಗಿಸಿದರು. ಮಿಂಚು ಮಾತ್ರ ಏನಾಯಿತು ಎಂದು ಸುತ್ತ ನೋಡುತ್ತಿದ್ದಳು. ಅವಳಿಗೆ ಕೈಯಲ್ಲೇ ಹೇಳದೆ ವಿಧಿಯಿರಲಿಲ್ಲ. ಟೀಚರ್ ಅವಳ ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತಪ್ಪುತಪ್ಪಾಗಿ, ತಡವರಿಸುತ್ತ ಹೇಳಿದರು: ಕೈಮಾತು. ಇಲ್ಲಿ. ಬೇಡ.

ಮಿಂಚು ಖಾಲಿಯಾಗಿದ್ದ ಪಕ್ಕದ ಜಾಗವನ್ನು ತೋರಿಸಿದಳು. ನನ್ನಿಂದ?

ಅಲ್ಲ ಎಂದರು ಟೀಚರ್.

ಮತ್ತೆ ಯಾರಿಂದ?

ಅದಕ್ಕೆ ಬೇಕಾದ ಕೈಮಾತು ಅವರಿಗೆ ಬರುತ್ತಿರಲಿಲ್ಲ. ಬಂದಿದ್ದರೂ ಏನೆಂದು ಹೇಳುತ್ತಿದ್ದರೋ.

ಆ ಶುಕ್ರವಾರ ತಾಯಿ ಎಂದಿನಂತೆ ಓಡಿಬಂದರು. ಗೇಟಿನಲ್ಲೇ ಕಾವಲುಗಾರ ತಡೆದ. ಟೀಚರ್ ಹೊರಗೆ ಹೋಗಿ, ‘ಎಲ್ಲರ ಶಾಲೆ’ ಫಲಕದ ಕೆಳಗೆ ನಿಂತು ಎಲ್ಲ ಹೇಳಿದರು.

“ನಾನು ಕೆಲಸ ಬಿಟ್ಬಿಡ್ಲಾ ಅಂತ ಯೋಚ್ನೆ ಮಾಡ್ತಿದೀನಿ,” ಎಂದರು ಕೊನೆಗೆ.

“ಅಯ್ಯೋ, ಹಾಗ್ ಮಾಡ್ಬೇಡಿ ಟೀಚರ್!” ತಾಯಿ ಗಾಬರಿಯಾದರು. “ನೀವು ಹೋದ್ರೆ ಅವಳಿಗೆ ಯಾರಿದಾರೆ?”

“ಇದ್ದು ಏನ್ ಮಾಡಿದ ಹಾಗಾಯ್ತಮ್ಮ? ಬೇರೆ ಶಾಲೆಗೆ ಸೇರಿಸೋಕಾಗಲ್ವಾ?”

“ಎಲ್ಲ ಕಡೆ ಕಾಲು ಸವೆಸಿ ಬಂದಿದೀನಿ. ಸೀಟಿಲ್ಲ ಅಂದ್ರು, ಆಗಲ್ಲ ಅಂದ್ರು, ಒಬ್ರಂತೂ ಬೇರೆ ಮಕ್ಕಳಿಗೂ ಅಂಟುತ್ತೇನೋ ಅನ್ನೋ ಹಾಗೆ ನೋಡಿದ್ರು. ಇಲ್ಲಿ ಕೂರೋಕೆ ಜಾಗ ಆದ್ರೂ ಇದೆ.” ಕೊರಳಿನ ಅಳತೆಪಟ್ಟಿಯನ್ನು ತೆಗೆದು ಸುರುಳಿ ಸುತ್ತುತ್ತ, “ಮನೆಗೆ ಬಂದ್ರೆ ಮುಂಚೆ ತಲೆ ತಿಂತಿದ್ಳು. ಇವತ್ತು ಹಾಗಾಯ್ತು, ಅವಳು ಹಾಗಂದ್ಳು, ಮೇಷ್ಟ್ರು ಹೀಗೆ ನಡೆದ್ರು ಅಂತ. ಈಗ ನಾನೇ ಕೇಳ್ಬೇಕು,” ಎಂದರು.

ಟೀಚರ್ ಕೆಲಸ ಬಿಡಲಿಲ್ಲ. ಆಡಳಿತ ಮಂಡಳಿಗೆ ಎರಡು ಸಲ ಮನವಿ ಕೊಟ್ಟರು. ಒಂದಕ್ಕೆ ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು, ಇನ್ನೊಂದಕ್ಕೆ ಅದೂ ಬರಲಿಲ್ಲ. ರೇಡಿಯೋ ಮೊದಮೊದಲು ಬಿಡುವಿನಲ್ಲಿ ಮಿಂಚುವನ್ನು ಹುಡುಕಿಕೊಂಡು ಬರುತ್ತಿದ್ದಳು. ಬಿ ವಿಭಾಗದಲ್ಲಿ ಹೊಸ ಗೆಳತಿಯರಾದರು, ಓಟದ ತಂಡಕ್ಕೂ ಸೇರಿದಳು, ಬರುವುದು ಕಡಿಮೆಯಾಯಿತು. ಮಕ್ಕಳ ತಪ್ಪೇನಿಲ್ಲ. ದಿನವೆಲ್ಲ ಆಡದ ಭಾಷೆ ಬೆರಳುಗಳಲ್ಲಿ ಎಷ್ಟು ದಿನ ನಿಂತೀತು?

ಟ್ಯಾಬ್ ಬಂತು. ಫ್ಯಾನಿನ ಸದ್ದಿಗೆ, ಮಕ್ಕಳ ಗಲಾಟೆಗೆ ಅದು ‘ಬೇರು’ ಎಂದರೆ ‘ಬೇರೆ’ ಎಂದೂ ‘ಹೂವು’ ಎಂದರೆ ‘ಹಾವು’ ಎಂದೂ ಬರೆಯುತ್ತಿತ್ತು. ಬೇರೆ ಶಾಲೆಗಳಿಂದ ಯೋಜನೆ ನೋಡಲು ಬಂದವರಿಗೆ ಪ್ರಿನ್ಸಿಪಾಲರು ಅದನ್ನು ಹೆಮ್ಮೆಯಿಂದ ತೋರಿಸಿದರು. ಬಂದವರು ಮಿಂಚುವಿನ ಬೆನ್ನು ತಟ್ಟಿ, ಎಷ್ಟು ಶಿಸ್ತಿನ ಹುಡುಗಿ ಎಂದು ಹೊಗಳಿ ಹೋದರು.

ಒಂದು ಬೆಳಿಗ್ಗೆ ಟೀಚರ್ ಸಸ್ಯಗಳ ಪಾಠ ಮಾಡುತ್ತಿದ್ದರು. ಮಿಂಚು ಪರದೆಯನ್ನು ನೋಡುತ್ತ, ಹುಬ್ಬು ಗಂಟಿಕ್ಕಿ ಕೂತಿದ್ದಳು. ಅವಳಿಗೇನೂ ತಿಳಿದಿಲ್ಲ ಎಂದು ಮುಖವೇ ಹೇಳುತ್ತಿತ್ತು. ಟೀಚರ್ ಉಳಿದವರಿಗೆ ಚಿತ್ರ ಬರೆಯಲು ಹೇಳಿ, ಅವಳ ಹತ್ತಿರ ಹೋಗಿ, ಬಾಗಿಲಿಗೆ ಬೆನ್ನು ಮಾಡಿ, ಎದೆಯ ಹತ್ತಿರ ಸಣ್ಣದಾಗಿ ಕೈ ಆಡಿಸಿ ಕೇಳಿದರು: ಅರ್ಥ ಆಯ್ತಾ?

ಹುಡುಗಿಯ ಕೈ ಅರ್ಧಕ್ಕೆ ಎದ್ದಿತು. ಅವಳು ಟೀಚರ್ ಭುಜದಾಚೆ ಬಾಗಿಲಿನ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆದರೂ ಅವಳು ಕೈಯನ್ನು ಕೆಳಗಿಳಿಸಿ, ಟ್ಯಾಬನ್ನು ಹತ್ತಿರಕ್ಕೆಳೆದುಕೊಂಡು, ನಿಧಾನವಾಗಿ ಅಕ್ಷರ ಒತ್ತಿ, ಅದನ್ನು ಟೀಚರ್ ಕಡೆಗೆ ತಿರುಗಿಸಿದಳು.

‘ಅರ್ಥ ಆಯಿತು ಟೀಚರ್.’