ರುಚಿ ನೋಡದ ಚವಳಿಕಾಯಿ ಪಲ್ಯ

ಮಾರ್ನಮಿ ಅಮಾಸೆಗೆ ಇನ್ನೊಂದೇ ದಿನ ಇತ್ತು. ಶೇಂಗಾ ಕೀಳೋ ಕಾಲ, ಊರೊಳಗೆಲ್ಲ ಹಸಿ ಬಳ್ಳಿಯ ವಾಸನೆ. ಹೊತ್ತು ಇಳಿದು ಬಿಸಿಲು ಜಗಲಿಯ ಅಂಚಿಗೆ ಬಂದಿತ್ತು. ನಾನು, ಕೆಂಚಕ್ಕ, ಪವಿತ್ರ ಮೂವರೂ ಮೊರ ಮುಂದಿಟ್ಟುಕೊಂಡು ಚವಳಿಕಾಯಿಯ, ಗೋರಿಕಾಯಿ ಅಂತಾರಲ್ಲ ಅದರ, ನಾರು ತೆಗೀತಿದ್ವಿ. ಆಗ ಬಸ್ಸಿಳಿದು ಪವಿತ್ರಳ ಅಣ್ಣ ಪಾತಣ್ಣ ಬಂದ. ಅಲ್ಲಿಂದ ಶುರುವಾಯ್ತು.

ಕೆಂಚಕ್ಕ ನನ್ನ ತಮ್ಮ ಕ್ಯಾತಪ್ಪನ ಹೆಂಡತಿ. ತಮ್ಮ ತೀರಿ ಬಹಳ ಕಾಲ ಆಗಿತ್ತು. ನಾನು ಗಂಡ ಸತ್ತ ಮೇಲೆ ತಳಕಿನ ಪಕ್ಕದ ಆ ತವರುಮನೆಗೆ ಬಂದು ಅಲ್ಲೇ ಉಳಿದವಳು. ಪವಿತ್ರ ಕೆಂಚಕ್ಕನ ಸೊಸೆ, ಮೊಳಕಾಲ್ಮುರು ಕಡೆಯ ಹುಡುಗಿ. ಕೆಂಚಕ್ಕನ ಮಗ ಮಾರುತಿ ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕಿದ್ದ. ಮದುವೆಯಾದ ಮಾರನೇ ವರ್ಷ ಲಾರಿ ಜೊತೆ ಆಂಧ್ರದೊಳಗೆ ಎಲ್ಲೋ ಹೋದ. ಲಾರಿ ವಾಪಸ್ ಬಂತು, ಅವನು ಬರಲಿಲ್ಲ. ಬೀಡಿ ತರ್ತೀನಿ ಅಂತ ರಸ್ತೆ ಕಡೆ ಹೋದ, ಮತ್ತೆ ಕಾಣಲಿಲ್ಲ ಅಂದ್ರು ಜೊತೆಯವರು. ಕರ್ನೂಲಿನಲ್ಲಿ ಕಂಡೆ ಅಂದ ಒಬ್ಬ. ಗುತ್ತಿ ಸ್ಟೇಷನ್ನಿನಲ್ಲಿ ಅಂದ ಇನ್ನೊಬ್ಬ. ಹುಡುಕ್ಕೊಂಡು ಹೋದರೆ ಎಲ್ಲೂ ಇಲ್ಲ. ಹೆಣವೂ ಸಿಗಲಿಲ್ಲ, ಮನುಷ್ಯನೂ ಸಿಗಲಿಲ್ಲ. ಹಂಗೇ ವರ್ಷಗಳು ಹೋದವು. ಪವಿತ್ರ ತಾಳಿ ಕಟ್ಟಿಕೊಂಡೇ ಇದ್ದಳು, ಅದು ಬದುಕಿರೋನದೋ ಸತ್ತೋನದೋ ಅಂತ ಹೇಳೋ ಹಂಗಿರಲಿಲ್ಲ.

ಪಾತಣ್ಣ ನೀರು ಕುಡಿದು ಚೊಂಬು ಕೆಳಗಿಟ್ಟ.

"ಅತ್ತೆ, ರಾಂಪುರದಲ್ಲಿ ಒಂದು ಕಡೆ ಮಾತಾಡೀನಿ. ಹೆಂಡ್ತಿ ಸತ್ತೋನು. ಒಂದು ಹೆಣ್ಣು ಕೂಸೈತೆ. ಪವಿತ್ರನ್ನ ಕೂಡಿಕೆ ಮಾಡ್ಕೊಂಡು ತಾಳಿ ಕಟ್ಟಕೆ ಒಪ್ಪ್ಯಾರೆ."

ಕೆಂಚಕ್ಕ ತಲೆ ಎತ್ತಲಿಲ್ಲ. "ಒಪ್ಪಿದ್ರೆ ಒಳ್ಳೇದಪ್ಪ."

"ಆದ್ರೆ ಒಂದು ಮಾತು ಕೇಳ್ತಾರೆ. ಮೊದಲ್ನೇ ಗಂಡನಿಗೆ ಎಡೆ ಆಗೈತಾ ಅಂತ. ಎಡೆ ಆಗ್ದೆ ತಾಳಿ ಕಟ್ಟಿದ್ರೆ ನಾಳೆ ಅವನು ಬಂದು ಬಾಗಲಲ್ಲಿ ನಿಂತ್ರೆ ನಮ್ಮ ಗತಿ ಏನು ಅಂತಾರೆ. ಈ ಅಮಾಸೆ ಬಿಟ್ರೆ ಮುಂದಿನ ವರ್ಷದ ತನಕ ಅವರು ಕಾಯಲ್ಲ."

"ಬದುಕಿರೋನಿಗೆ ಎಡೆ ಇಡ್ತಾರೇನೋ ಪಾತಣ್ಣ?"

"ಬದುಕವ್ನೆ ಅಂತ ಯಾರು ಹೇಳಿದ್ರು?"

"ಸತ್ತ ಅಂತ ಯಾರು ಹೇಳಿದ್ರು?"

ಅಷ್ಟರಲ್ಲಿ ಪಕ್ಕದ ಮನೆ ಮೂಗಮ್ಮ ಕುಂಬಳಕಾಯಿ ಹೋಳು ತಗೊಂಡು ಹೋಗೋಕೆ ಬಂದವಳು ಮಾತು ಕೇಳಿಸಿಕೊಂಡು ನಿಂತಳು.

"ಅಲ್ಲ ಕೆಂಚಕ್ಕ, ನಿನ್ನ ಮಗ ಬರೋ ಹೊತ್ತಿಗೆ ಈ ಹುಡುಗಿ ಹಲ್ಲು ಉದುರಿರ್ತಾವೆ. ಆಮೇಲೆ ಚವಳಿಕಾಯಿ ಅಗಿಯೋರು ಯಾರೇ?"

"ನಿನ್ನ ಹಲ್ಲು ಗಟ್ಟಿ ಅದಾವಲ್ಲ, ನೀನು ಬಾ," ಅಂದಳು ಕೆಂಚಕ್ಕ. ಮೂಗಮ್ಮ ನಕ್ಕಳು. ಬೇರೆ ಯಾರೂ ನಗಲಿಲ್ಲ.

ನಮ್ಮ ಮನೆಯಲ್ಲಿ ಅಮಾಸೆ ದಿನ ಹಿರೇರಿಗೆ ಕಾಯಿಪಲ್ಯದ ಎಡೆ. ಸತ್ತವರಿಗೆ ಯಾವುದು ಇಷ್ಟವೋ ಅದೇ ಮಾಡಬೇಕು. ನಮ್ಮ ಅವ್ವನಿಗೆ ಬೆಲ್ಲ ಹಾಕಿದ ಕುಂಬಳಕಾಯಿ ಪಲ್ಯ, ಕ್ಯಾತಪ್ಪನಿಗೆ ತೊಟ್ಟು ಬಿಡಿಸದ ಬದನೆಕಾಯಿ ಎಣ್ಗಾಯಿ. ಎಡೆಗೆ ಮಾಡೋ ಯಾವ ಅಡಿಗೆಯನ್ನೂ ರುಚಿ ನೋಡಬಾರದು. ನಾಲಗೆಗೆ ಮುಟ್ಟಿಸಿದರೆ ಅದು ಎಂಜಲು, ಸತ್ತವರಿಗೆ ಸಲ್ಲೋದಿಲ್ಲ. ಉಪ್ಪು ಕೈ ಅಳತೆಯಲ್ಲೇ ಬೀಳಬೇಕು. ಕೆಂಚಕ್ಕನ ಕೈ ಅಂಥದ್ದು, ಒಂದು ವರ್ಷವೂ ಹೆಚ್ಚುಕಮ್ಮಿ ಆಗಿದ್ದಿಲ್ಲ.

ಮಾರುತಿಗೆ ಇಷ್ಟ ಅಂದರೆ ಚವಳಿಕಾಯಿ ಪಲ್ಯ. ಬೇಯಿಸಿ, ಕಹಿನೀರು ಬಸಿದು, ಬೆಳ್ಳುಳ್ಳಿ ಒಗ್ಗರಣೆಗೆ ಹಾಕಿ, ಹುರಿದ ಶೇಂಗಾ ಪುಡಿಯನ್ನ ಕೈತುಂಬ ಉದುರಿಸಬೇಕು. ಅವನು ಹೋದ ಮೇಲೂ ಅದನ್ನ ಪ್ರತಿ ಮಾರ್ನಮಿ ಅಮಾಸೆಗೆ ಕೆಂಚಕ್ಕ ಮಾಡ್ತಿದ್ದಳು. ಮಾಡಿ, ನಾವೆಲ್ಲ ನೋಡೋ ಹಂಗೆ ಸೌಟಿನಿಂದ ಒಂದಿಷ್ಟು ಅಂಗೈಗೆ ಹಾಕಿಕೊಂಡು ನೆಕ್ಕುತ್ತಿದ್ದಳು. ಅಷ್ಟೇ. ಎಂಜಲಾದ ಪಲ್ಯ ಎಡೆಗೆ ಬರೋ ಹಂಗಿಲ್ಲ, ಅಂದರೆ ಮಗ ಬದುಕಿದ್ದಾನೆ. ಆ ಪಲ್ಯ ಮುಚ್ಚಿದ ಬಟ್ಟಲಲ್ಲಿ, ಸೂರಿಗೆ ತೂಗಿಬಿಟ್ಟ ನೆಲುವಿನ ಮೇಲೆ ರಾತ್ರಿಯೆಲ್ಲ ಇರ್ತಿತ್ತು, ಅವನು ಬಂದರೆ ಉಣ್ಣಲಿ ಅಂತ. ಮಾರನೇ ದಿನ ಹಳಸಿದ್ದನ್ನ ಪವಿತ್ರ ರೊಟ್ಟಿ ಜೊತೆ ತಿಂತಿದ್ದಳು. ಗಂಡನ ಪಾಲು ಹೆಂಡತಿಗೇ ಅಲ್ಲವಾ.

ಪಾತಣ್ಣ ಮಾರಣ್ಣನ ಮನೆಗೆ ಮಲಗಕ್ಕೆ ಹೋದ. ಮಾರಣ್ಣ ನಮ್ಮ ಕಡೇ ತಮ್ಮ, ಹಿರೇರಿಗೆ ಧೂಪ ಹಾಕೋನು ಅವನೇ. ನಾವು ಮೂವರು ಉಳಿದ ಕಾಯಿ ಮುರಿದು ಮುಗಿಸಿದ್ವಿ. ಕೆಂಚಕ್ಕ ಸೊಸೆ ಕಡೆ ನೋಡದೆ ಕೇಳಿದಳು.

"ನಿಂಗೂ ಹೋಗ್ಬೇಕು ಅನ್ನಿಸೈತೇನೇ?"

ಪವಿತ್ರ ಮೊರದೊಳಗಿನ ನಾರು ಒಂದು ಕಡೆ ಒಟ್ಟುಮಾಡಿದಳು. "ಒಂದು ಕೂಸೈತಂತೆ ಅತ್ತೆ," ಅಂದಳು. ಅಷ್ಟೇ ಅಂದಿದ್ದು.

"ಅವನು ಬಂದ್ರೆ ನಾನು ಏನು ಹೇಳ್ಲಿ?"

"ಕಾದಳು ಅಂತ ಹೇಳಿ."

ಅಮಾಸೆ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಕೆಂಚಕ್ಕ ಒಲೆ ಮುಂದೆ ಕೂತಳು. ನಾನು ಕುಂಬಳಕಾಯಿ ಹೆಚ್ಚಿಕೊಟ್ಟೆ. ಪವಿತ್ರ ಒರಳಲ್ಲಿ ಶೇಂಗಾ ಕುಟ್ಟುತ್ತಿದ್ದಳು. ಎಣ್ಗಾಯಿ ಆಯ್ತು, ಕುಂಬಳಕಾಯಿ ಆಯ್ತು. ಕಡೆಗೆ ಚವಳಿಕಾಯಿ ಒಗ್ಗರಣೆಗೆ ಬಿತ್ತು. ಶೇಂಗಾ ಪುಡಿ ಉದುರಿಸಿ ಕೆಂಚಕ್ಕ ಸೌಟು ಆಡಿಸಿದಳು. ಒರಳಿನ ಸದ್ದು ನಿಂತಿತು. ಪವಿತ್ರ ಒನಕೆ ಹಿಡಿದುಕೊಂಡೇ ಅತ್ತೆಯ ಕೈ ನೋಡ್ತಿದ್ದಳು. ನಾನೂ ನೋಡ್ತಿದ್ದೆ.

ಸೌಟು ಮೇಲೆ ಬಂತು. ಎಡಗೈ ಅಂಗೈ ತೆರೆದುಕೊಂಡಿತು, ರೂಢಿ ಅದು. ಅಂಗೈ ಹಂಗೇ ಗಾಳಿಯಲ್ಲಿ ಸ್ವಲ್ಪ ಹೊತ್ತು ಇತ್ತು. ಆಮೇಲೆ ಕೆಂಚಕ್ಕ ಅದನ್ನ ಮಡಚಿ ಸೆರಗಿಗೆ ಒರೆಸಿಕೊಂಡಳು. ಸೌಟನ್ನ ಪಾತ್ರೆಗೇ ಹಾಕಿ ಮುಚ್ಚಳ ಮುಚ್ಚಿದಳು.

"ಇನ್ನೊಂದು ಎಲೆ ತೊಳ್ಕೊಂಡು ಬಾ," ಅಂದಳು ಸೊಸೆಗೆ.

ಪವಿತ್ರ ಏಳಲಿಲ್ಲ. ನಾನೇ ಎದ್ದು ಎಲೆ ತೊಳೆದು ತಂದೆ.

ಮಾರಣ್ಣ ಬಂದು ಎಡೆ ಮುಂದೆ ಕೂತ. ನಮ್ಮಲ್ಲಿ ಒಂದೊಂದು ಎಲೆಗೂ ಹೆಸರು ಹೇಳಿ ಧೂಪ ಹಾಕಬೇಕು. ಅವ್ವನ ಹೆಸರು ಹೇಳಿದ. ಕ್ಯಾತಪ್ಪನ ಹೆಸರು ಹೇಳಿದ. ಮೂರನೇ ಎಲೆ ಹತ್ತಿರ ಅವನ ಕೈ ನಿಂತಿತು. ಎಲೆ ಮೇಲಿದ್ದ ಪಲ್ಯ ನೋಡಿ ಅವನಿಗೆ ತಿಳಿದಿತ್ತು. ಆದರೂ ಮನೆಯವರ ಬಾಯಿಂದ ಬರಬೇಕು.

"ಇದು ಯಾರದು ಅತ್ತಿಗೆ?"

ಕೆಂಚಕ್ಕ ಗೋಡೆ ಕಡೆ ನೋಡ್ತಿದ್ದಳು. ಬಾಗಿಲಲ್ಲಿ ಪಾತಣ್ಣ ಟವೆಲ್ಲು ಕೈಯಲ್ಲಿ ಹಿಡಿದು ನಿಂತಿದ್ದ.

"ನನ್ನ ಮಗಂದು."

"ಹೆಸರು ಹೇಳ್ಬೇಕು."

"ಇಟ್ಟಿದ್ದು ನೀನೇ ಅಲ್ಲೇನೋ, ಅವನಿಗೆ ಹೆಸರು? ನಿಂಗೆ ಗೊತ್ತಿಲ್ವಾ?"

ಮಾರಣ್ಣ ಕಣ್ಣು ಒರೆಸಿಕೊಂಡ. "ಮಾರುತಿ," ಅಂತ ಹೇಳಿ ಧೂಪ ಹಾಕಿದ.

ಎಡೆ ಇಳಿಸಿ ಎಲ್ಲರೂ ಉಣ್ಣಕ್ಕೆ ಕೂತ್ವಿ. ಎಣ್ಗಾಯಿಗೆ ಉಪ್ಪು ಸರಿಯಾಗಿತ್ತು. ಕುಂಬಳಕಾಯಿಗೂ ಸರಿಯಾಗಿತ್ತು. ಚವಳಿಕಾಯಿ ಬಾಯಿಗೆ ಹಾಕಿಕೊಂಡರೆ ಉಪ್ಪೇ ಇಲ್ಲ. ಒಂದು ಹರಳೂ ಬಿದ್ದಿರಲಿಲ್ಲ. ಮಾರಣ್ಣ ನನ್ನ ಮುಖ ನೋಡಿದ, ನಾನು ಎಲೆ ನೋಡಿದೆ. ಯಾರೂ ಉಪ್ಪು ಕೇಳಲಿಲ್ಲ. ಪವಿತ್ರ ಇನ್ನೊಂದು ಸಲ ಹಾಕಿಸಿಕೊಂಡು ಅದನ್ನೂ ಉಂಡಳು. ಅವಳ ಕಣ್ಣೀರು ಎಲೆ ಮೇಲೆ ಬೀಳ್ತಿದ್ದರೂ ಒರೆಸಿಕೊಳ್ಳಲಿಲ್ಲ. ಕೆಂಚಕ್ಕ ಮಾತ್ರ ಆ ಪಲ್ಯ ಮುಟ್ಟಲಿಲ್ಲ. ಆ ರಾತ್ರಿ ನೆಲುವಿನ ಮೇಲೆ ಬಟ್ಟಲು ಇಡೋ ಕೆಲಸ ಇರಲಿಲ್ಲ. ಆದರೂ ಅವಳು ಎರಡು ಸಲ ನೆಲುವಿನ ಕೆಳಗೆ ಹೋಗಿ ನಿಂತು ವಾಪಸ್ ಬಂದಳು.

ದಸರೆಯ ಬನ್ನಿ ಕೊಟ್ಟು ಮುಗಿದ ಮೇಲೆ ಪಾತಣ್ಣ ಮತ್ತೆ ಬಂದ. ಪವಿತ್ರ ತಾಳಿ ಬಿಚ್ಚಿ ಹಿರೇರ ಎಡೆ ಇಟ್ಟಿದ್ದ ಜಾಗದಲ್ಲಿ ಇಟ್ಟಿದ್ದಳು. ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಹೊಸ್ತಿಲ ಹತ್ತಿರ ಬಂದಾಗ ಕೆಂಚಕ್ಕ ಅಡ್ಡ ನಿಂತಳು.

"ಇವತ್ತು ಬ್ಯಾಡ ಪಾತಣ್ಣ. ನಾಳೆ ಕರ್ಕೊಂಡು ಹೋಗು. ಮಂಗಳವಾರ ನಾವು ಮನೆ ಹೆಣ್ಣುಮಕ್ಕಳನ್ನ ಕಳಿಸಲ್ಲ."

ಪಾತಣ್ಣ ಕೆಟ್ಟವನಲ್ಲ. ಮೆತ್ತಗೇ ಹೇಳಿದ. "ಇನ್ನು ಅವಳು ನಿಮ್ಮನೆ ಹೆಣ್ಣಲ್ಲವಲ್ಲ ಅತ್ತೆ. ಬಸ್ಸಿನ ಹೊತ್ತಾಯ್ತು."

ಕೆಂಚಕ್ಕ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಪವಿತ್ರ ಅವಳ ಕಾಲು ಮುಟ್ಟಿದಳು, ನನ್ನ ಕಾಲು ಮುಟ್ಟಿದಳು. ಒಲೆ ಕಡೆ ಒಂದು ಸಲ ನೋಡಿದಳು. ಆ ವರ್ಷ, ಮಂಗಳವಾರದ ದಿನವೇ ಪವಿತ್ರ ಹೋದಳು.