ಗಂಡನಿಗಿಂತ ಒಂದು ಕಡಿಮೆ

ಟೈಲರಮ್ಮನ ಸಡಗರ ಅಂದು ಬೆಳಗಿನಿಂದಲೇ ಹೇಳತೀರದು. ಎರಡು ಸಲ ಚಪ್ಪಲಿ ಅದಲುಬದಲಾಗಿ ಹಾಕಿಕೊಂಡಳು. ಬಸ್ಸಿನಲ್ಲಿ ಪಕ್ಕ ಕೂತವಳಿಗೆ ಕೇಳದೆಯೇ ಸುದ್ದಿ ಹೇಳಿದಳು. ಇರಬೇಕಾದ್ದೇ ಬಿಡಿ, ಗಂಡನ ಮಂಡಿಗೆ ಆಪರೇಷನ್ ನಿಗದಿಯಾಗುವ ದಿನ ಅದು!

ಸವೆದ ಮಂಡಿ ತೆಗೆದು ಹೊಸದು ಕೂರಿಸುವ ಡಾಕ್ಟರುಗಳ ತಂಡವೊಂದು ಮುಂದಿನ ವಾರ ಹೊರಗಿನಿಂದ ಆಸ್ಪತ್ರೆಗೆ ಬರುವುದಿತ್ತು. ಪಟ್ಟಿಯಲ್ಲಿ ಇನ್ನು ಒಂದೇ ಒಂದು ಜಾಗ ಉಳಿದಿತ್ತು. ಹನ್ನೆರಡು ಗಂಟೆಗೆ ಪಟ್ಟಿ ಮುಚ್ಚುತ್ತದೆ, ತಪ್ಪಿದರೆ ಮುಂದಿನ ವರ್ಷವೇ.

ಅವಳ ಗಂಡ ಕಟಿಂಗ್ ಮಾಸ್ಟರು. ಅಂಗಡಿಯಲ್ಲಿ ಅವರು ನಿಂತು ಬಟ್ಟೆ ಕತ್ತರಿಸುತ್ತಾರೆ, ಇವಳು ಕೂತು ಪೆಡಲ್ ತುಳಿದು ಹೊಲಿಯುತ್ತಾಳೆ. ಮೂವತ್ತೊಂದು ವರ್ಷದಲ್ಲಿ ಇಬ್ಬರ ಮಂಡಿಯೂ ಸವೆದಿತ್ತು. ಆದರೆ ಮನೆಯಲ್ಲಿ ಮಂಡಿ ಅಂದರೆ ಮಾಸ್ಟರ ಮಂಡಿ. ಅವರು ಕೂತರೆ ‘ಅಪ್ಪಾ’, ಎದ್ದರೆ ‘ಅಮ್ಮಾ’. ಎಣ್ಣೆ ಕಾಯಿಸುವವಳು ಇವಳು, ಮೊಣಕಾಲಿಗೆ ತಿಕ್ಕುವವಳು ಇವಳು, ಅಟ್ಟ ಹತ್ತಿ ನೂಲಿನ ಡಬ್ಬ ಇಳಿಸುವವಳೂ ಇವಳೇ. ಯಾರಾದರೂ ಕೇಳಿದರೆ, “ನಂದೇನು ಮಹಾ, ಬರೀ ಸುಸ್ತು” ಅಂದುಬಿಡುತ್ತಿದ್ದಳು. ಹಾಗೆ ಹೇಳಿ ಹೇಳಿ ಅವಳೇ ಅದನ್ನು ನಂಬಿಬಿಟ್ಟಿದ್ದಳು, ಪುಣ್ಯಾತ್ಗಿತ್ತಿ!

ಮೂಳೆ ಡಾಕ್ಟರ ಕೋಣೆಯಲ್ಲಿ ದೀಪದ ಹಲಗೆಗೆ ಇಬ್ಬರ ಎಕ್ಸ್‌ರೇಗಳನ್ನೂ ಸಿಕ್ಕಿಸಿದ್ದರು. ಮಂಗಳವಾರ ಮಂಗಳವಾರ ಇಬ್ಬರಿಗೂ ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ ಎರಡು ಹಾಳೆ ಹಿಡಿದು ಓಡಿಬಂದಳು. ಏದುಸಿರು ಬಿಡುತ್ತಿದ್ದಳು.

“ಡಾಕ್ಟ್ರೇ, ಮಾಸ್ಟ್ರ ಹೆಸರು ಬರೀಬೇಡಿ! ಒಂದೇ ನಿಮಿಷ ಇದನ್ನ ನೋಡಿ!”

ಟೈಲರಮ್ಮ ಗಾಬರಿಯಿಂದ ಕುರ್ಚಿಯ ತುದಿಗೆ ಸರಿದಳು.

ಪ್ರತಿ ವಾರವೂ ಹುಡುಗಿ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ, ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಕೊಡುತ್ತೀರಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದಳು. ಎಂಟು ತಿಂಗಳ ಆ ಅಂಕಿಗಳನ್ನು ಈಗ ಅಕ್ಕಪಕ್ಕ ಇಟ್ಟಳು.

“ಇವರು ಎಂಟು ಅಂದ ದಿನ ಅಮ್ಮ ಏಳು. ಇವರು ಐದು, ಅಮ್ಮ ನಾಲ್ಕು. ಒಂದಿನ ಮಾಸ್ಟ್ರು ಖುಷಿಯಾಗಿ ಬಂದು ಮೂರು ಅಂದ್ರು, ಅಮ್ಮ ಎರಡು! ಒಂದು ವಾರವೂ ತಪ್ಪಿಲ್ಲ. ಅಮ್ಮಾ, ನೀವು ನಿಮ್ಮ ನೋವು ಹೇಳ್ತಿದ್ರಾ, ಇವರ ನೋವಲ್ಲಿ ಒಂದು ಕಳೀತಿದ್ರಾ?”

ಟೈಲರಮ್ಮ ಸೆರಗಿನ ತುದಿ ತಿರುಚಿದಳು. “ಅದೂ... ಅವರಿಗಿಂತ ಜಾಸ್ತಿ ಹೇಳೋದು ಹೇಗೆ? ಪಾಪ, ಅವರಿಗೇ ಅಷ್ಟು ನೋವಿರುವಾಗ!”

“ಎಂಟು ತಿಂಗಳಿಂದ ನನ್ನ ನೋಡ್ಕೊಂಡು ಕಾಪಿ ಹೊಡೆದ್ಯಾ?” ಎಂದು ಮಾಸ್ಟರು ಕಣ್ಣುಬಾಯಿ ಬಿಟ್ಟರು.

ಡಾಕ್ಟರು ನಗಲಿಲ್ಲ. “ಫಿಲ್ಮಲ್ಲಿ ಇಬ್ರದ್ದೂ ಒಂದೇ ಥರ ಸವೆದಿದೆ. ಆದ್ರೆ ಸವೆತ ಒಂದೇ ಆದ್ರೂ ಹೆಂಗಸರಿಗೆ ನೋವು ಎಷ್ಟೋ ಸಲ ಜಾಸ್ತಿ ಇರುತ್ತೆ. ತೊಡೆಯ ಬಲವೂ ಕಡಿಮೆ. ನಮ್ಮ ಹತ್ರ ಬರೋದೂ ತಡವಾಗಿ, ಇನ್ನು ಆಗೋದೇ ಇಲ್ಲ ಅಂದಮೇಲೆ. ಕುರ್ಚಿ ತಗೊಂಡು ಬಾಮ್ಮ” ಎಂದು ಹುಡುಗಿಗೆ ಹೇಳಿದರು.

ಕೈ ಆಸರೆಯಿಲ್ಲದೆ ಅರ್ಧ ನಿಮಿಷದಲ್ಲಿ ಎಷ್ಟು ಸಲ ಕೂತು ಏಳಬಹುದು ಎಂಬ ಪರೀಕ್ಷೆ ಅದು. ಮಾಸ್ಟರು ‘ಅಪ್ಪಾ ಅಮ್ಮಾ’ ಎಂದು ಕೋಣೆ ನಡುಗಿಸುತ್ತಲೇ ಹನ್ನೊಂದು ಸಲ ಎದ್ದರು. ಟೈಲರಮ್ಮ ಪಿಟಕ್ಕೆನ್ನದೆ ಎದ್ದಳು. ಒಂದು, ಎರಡು, ಮೂರು. ನಾಲ್ಕಕ್ಕೆ ಹಣೆ ಬೆವರಿತು. ಐದನೆಯ ಸಲ ಅರ್ಧಕ್ಕೇ ನಿಂತು, ತುಟಿ ಕಚ್ಚಿ, ಮೇಜು ಹಿಡಿದುಕೊಂಡಳು. ಮುಖ ಬಿಳಿಚಿಕೊಂಡಿತ್ತು, ಬಾಯಿಂದ ಮಾತ್ರ ಒಂದು ಸದ್ದಿಲ್ಲ.

ಮಾಸ್ಟರು ಅವಳನ್ನೇ ನೋಡಿದರು. ಒಂದೇ ಸೂರಿನಡಿ ಇದ್ದೂ ಇದನ್ನು ಕಂಡಿರಲಿಲ್ಲವಲ್ಲ ಎಂದು ತಮ್ಮನ್ನೇ ಹಳಿದುಕೊಂಡರು. ಆಪರೇಷನ್ ವಿಷಯ ಬೀದಿಗೆಲ್ಲ ಡಂಗುರ ಸಾರಿದ್ದ ಮನುಷ್ಯ, ತಟ್ಟನೆ ಹೇಳಿಬಿಟ್ಟರು: “ನನ್ನ ನೋವು ಎರಡು ಅಂತ ಬರ್ಕೊಳ್ಳಿ ಡಾಕ್ಟ್ರೇ. ಜಾಗ ಅವಳಿಗೆ ಕೊಡಿ.”

“ಅಮ್ಮನೂ ಬಾಯಿಬಿಟ್ಟು ಹೇಳ್ಬೇಕು. ಅವರ ಮಾತಿಲ್ದೆ ನಾನು ಬರೆಯೋ ಹಾಗಿಲ್ಲ. ನಿಮ್ಮದೆಷ್ಟಮ್ಮಾ?” ಎಂದರು ಡಾಕ್ಟರು.

“ಒಂ...” ಎಂದಳು ಟೈಲರಮ್ಮ.

ಫಿಸಿಯೋ ಹುಡುಗಿ ಹಣೆ ಚಚ್ಚಿಕೊಂಡಳು. “ಮಾಸ್ಟ್ರೇ, ದಮ್ಮಯ್ಯ, ನೀವು ಹೊರಗೆ ನಡೀರಿ!” ಎಂದು ಅವರ ಭುಜ ಹಿಡಿದು ದಬ್ಬಿ ಬಾಗಿಲು ಹಾಕಿದಳು.

ಹನ್ನೆರಡಕ್ಕೆ ಆರು ನಿಮಿಷ. ಟೈಲರಮ್ಮ ತಬ್ಬಿಬ್ಬಾದಳು. ಕಳೆಯಲು ಎದುರಿಗೆ ಯಾವ ಅಂಕಿಯೂ ಇರಲಿಲ್ಲ. ತನ್ನ ನೋವು ತನಗೆ ಗೊತ್ತಿರಬೇಕಲ್ಲ, ಎಲ್ಲಿ ಹುಡುಕುವುದು ಅದನ್ನು? ಕಣ್ಣು ಮುಚ್ಚಿದಳು. ಪೆಡಲ್ ನೆನಪಾಯಿತು. ಪೆಡಲ್ ಕೆಳಗೆ ಹೋದಾಗೆಲ್ಲ ಮಂಡಿಯೊಳಗೆ ಸೂಜಿ ಮುರಿದ ಹಾಗೆ. ಬಚ್ಚಲಲ್ಲಿ ಕೊಳಾಯಿ ಹಿಡಿದು ಏಳುವುದು, ಅಟ್ಟದ ಏಣಿಯಲ್ಲಿ ಒಂದೊಂದು ಮೆಟ್ಟಿಲಿಗೂ ಉಸಿರು ಬಿಗಿಹಿಡಿಯುವುದು. ಅಯ್ಯೋ, ಇದನ್ನೆಲ್ಲ ಸುಸ್ತು ಅಂತ ಯಾವ ಬಾಯಲ್ಲಿ ಅಂದೆ? ಅವಳಿಗೆ ತನ್ನ ಮೇಲೇ ರೇಗಿತು. ರೇಗಿದ್ದೇ ಒಳ್ಳೆಯದಾಯಿತು.

“ಒಂಬತ್ತು!” ಎಂದು ಕೂಗಿದಳು. “ಮೋಡ ಕವಿದ ದಿನ ಹತ್ತು! ಆರು ವರ್ಷದಿಂದ! ಬರ್ಕೊಳ್ಳಿ ಡಾಕ್ಟ್ರೇ, ನನಗೆ ಬೇಕು ಆ ಜಾಗ. ನನಗೇ ಬೇಕು!”

ಡಾಕ್ಟರು ಬರೆದರು. ಹುಡುಗಿ ಹಾಳೆ ಕಸಿದುಕೊಂಡು ಕಚೇರಿಗೆ ಓಡಿದಳು. ಟೈಲರಮ್ಮ ಕುರ್ಚಿಗೆ ಕುಸಿದು ಗಳಗಳ ಅತ್ತಳು, ಅಳುತ್ತಲೇ ಕಿಲಕಿಲ ನಕ್ಕಳು. ಎರಡು ನಿಮಿಷಕ್ಕೆ ಹುಡುಗಿ ಬಾಗಿಲಲ್ಲಿ ಇಣುಕಿ, “ಸೇರಿಸಿದ್ರು ಅಮ್ಮಾ, ಕೊನೇ ಹೆಸರು ನಿಮ್ಮದೇ!” ಎಂದು ಕುಣಿದಳು.

ಹೊರಗೆ ಮಾಸ್ಟರು ಗೋಡೆಗೊರಗಿ ನಿಂತಿದ್ದರು. ಬಾಗಿಲಾಚೆಗೂ ಎಲ್ಲ ಕೇಳಿಸಿತ್ತು. “ಆರು ವರ್ಷಾನಾ?” ಎಂದರು. ಅವಳು ತಲೆಯಾಡಿಸಿದಳು. ಅವರು ತೋಳು ಚಾಚಿದರು, ಅವಳು ಹಿಡಿದುಕೊಂಡಳು.

ಮೆಟ್ಟಿಲಿಳಿಯುವಾಗ ಮೊದಲನೆಯದಕ್ಕೇ, “ಅಯ್ಯಯ್ಯೋ, ಅಮ್ಮಾ!” ಎಂದಳು. ಎರಡನೆಯದಕ್ಕೆ ಇನ್ನೂ ಜೋರಾಗಿ. ಎಷ್ಟು ಹಾಯೆನಿಸಿತೆಂದರೆ ಮೂರನೆಯದಕ್ಕೆ ಮಹಡಿಯೆಲ್ಲ ಮೊಳಗುವಂತೆ ಕೂಗಿದಳು. ಔಷಧಿಯ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಮೆತ್ತಗೆ ಕಣೇ, ಜನ ನೋಡ್ತಿದ್ದಾರೆ.”

“ನೋಡ್ಲಿ ಬಿಡ್ರೀ,” ಎಂದಳು ಟೈಲರಮ್ಮ, ಮುಂದಿನ ಮೆಟ್ಟಿಲಿಗೆ ಕಾಲಿಡುತ್ತ. “ನೋಯ್ತಿರೋದು ನನಗೆ.”