ಒದ್ದೆಯಾಗದ ಸೋರಿಕೆ

ಫ್ರಿಜ್ಜನ್ನು ಮೂಲೆಗೆ ಸರಿಸುವಾಗ ಅದರ ಹಿಂದಿನ ತಾಮ್ರದ ಕೊಳವೆ ಗೋಡೆಗೆ ಒತ್ತಿ ಮಡಚಿಕೊಂಡಿತು. ಒಳಗೆ ಅಮ್ಮನ ಇನ್ಸುಲಿನ್ ಇತ್ತು. ಮಗ ಓಣಿಗೆಲ್ಲ ನಲ್ಲಿ ಜೋಡಿಸುವವನು. ಜನ ಕರೆಯುತ್ತಿದ್ದದ್ದೇ ನಲ್ಲಿಯಣ್ಣ ಎಂದು.

ಪಕ್ಕದ ಮನೆಯ ಫ್ರಿಜ್ ಮೆಕ್ಯಾನಿಕ್ ಬಂದು ನೋಡಿದ. ಮಡಚಿದ ತುಂಡನ್ನು ಕತ್ತರಿಸಿ ಹೊಸದು ಜೋಡಿಸಬೇಕು, ಅದಕ್ಕೂ ಮೊದಲು ಗ್ಯಾಸನ್ನು ಯಂತ್ರದಿಂದ ಹೊರಗೆಳೆಯಬೇಕು, ಭಾನುವಾರದವರೆಗೆ ತಾಳು, ಔಷಧಿ ನಮ್ಮ ಫ್ರಿಜ್ಜಿನಲ್ಲಿರಲಿ ಎಂದ.

"ನೀರನ್ನೇ ಕಟ್ಟಿಹಾಕಿದವನು ನಾನು. ಗಾಳಿಗೆ ಹೆದರ್ತೀನಾ?" ಎಂದ ನಲ್ಲಿಯಣ್ಣ.

ಅವನು ಕಾಯಲಿಲ್ಲ. ಗರಗಸದಿಂದ ಕೊಯ್ದ. ಗ್ಯಾಸ್ ಬುಸ್ಸೆಂದು ಹೋಯಿತು. ಬೆಸುಗೆ ಹಾಕಿ, ಯಾರನ್ನೋ ಕರೆದು ಹೊಸ ಗ್ಯಾಸ್ ತುಂಬಿಸಿದ. ನಲ್ಲಿ ಕೆಲಸದ ಅಭ್ಯಾಸದಂತೆ ಬೆಸುಗೆಯ ಮೇಲೆ ಬೆರಳಾಡಿಸಿದ. ಒದ್ದೆಯಿಲ್ಲ. ಸೋರುತ್ತಿಲ್ಲ ಎಂದು ಹೆಂಡತಿಗೆ ಹೇಳಿದ.

ವಾರಗಳು ಕಳೆದವು. ಹಾಲು ತರಕಾರಿ ಅಂದಂದೇ ತರುವ ಮನೆ. ಬಾಗಿಲು ತೆಗೆದರೆ ದೀಪ ಉರಿಯುತ್ತಿತ್ತು. ತಂಪು ಇಲ್ಲವಾದದ್ದು ಯಾರ ಗಮನಕ್ಕೂ ಬರಲಿಲ್ಲ. ಅಮ್ಮನ ಸಕ್ಕರೆ ಮಾತ್ರ ಏರುತ್ತಲೇ ಹೋಯಿತು.

"ಔಷಧಿ ಹಿಡೀತಾ ಇಲ್ಲ ಕಣೋ."

"ಕದ್ದುಮುಚ್ಚಿ ಸಿಹಿ ತಿಂದ್ರೆ ಹೇಗಮ್ಮಾ ಹಿಡಿಯುತ್ತೆ?"

ಅಂದಿನಿಂದ ಅಮ್ಮ ಒಂದು ಲೋಟ ಚಹಾ ಕುಡಿಯಲೂ ಎಲ್ಲರ ಎದುರಿಗೇ ಬಂದು ಕೂರತೊಡಗಿದಳು. ಒಂದು ಮಧ್ಯಾಹ್ನ ಕುಳಿತಲ್ಲೇ ಪ್ರಜ್ಞೆ ತಪ್ಪಿದಳು.

ಆಸ್ಪತ್ರೆಯಲ್ಲಿ ವೈದ್ಯೆ ಮೊದಲು ಕೇಳಿದ್ದು, ಇನ್ಸುಲಿನ್ ಎಲ್ಲಿಡುತ್ತೀರಿ ಎಂದು. ತಂಪಿಲ್ಲದೆ ಅದು ಕೆಟ್ಟುಹೋಗಿತ್ತು. ಜೀವವೇನೋ ಉಳಿಯಿತು. ಆದರೆ ಅಮ್ಮನಿಗೆ ಈಗ ನಡೆಯಲು ಗೋಡೆಯ ಆಸರೆ ಬೇಕು.

ಪಕ್ಕದ ಮನೆಯ ಮೆಕ್ಯಾನಿಕ್ ಮತ್ತೆ ಬಂದು, ಸೋರಿಕೆ ಹುಡುಕಲು ಕೊಳವೆಗೆ ನೈಟ್ರೋಜನ್ ಅನಿಲ ತುಂಬಿ, ಬೆಸುಗೆಗೆ ಸಾಬೂನು ನೀರು ಹಚ್ಚಿದ. ಸಾಸಿವೆಯಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು.

"ಗ್ಯಾಸ್ ಒದ್ದೆ ಮಾಡಲ್ಲ ಕಣಪ್ಪ, ಸುಮ್ನೆ ಹೋಗ್ತಿರುತ್ತೆ. ಮನೆ ಹೊತ್ತಿಕೊಳ್ಳದೇ ಇದ್ದದ್ದೇ ಪುಣ್ಯ."

ಅವನು ಚಕ್ರದ ಕಟರನ್ನು ಕೊಳವೆಯ ಸುತ್ತ ತಿರುಗಿಸಿ ನೇರವಾಗಿ ಕತ್ತರಿಸಿದ. ತಾಮ್ರದ ಪುಡಿ ಒಳಗೆ ಬೀಳದಂತೆ ಬಾಯಿ ಕೆಳಗೆ ಮಾಡಿ ಅಂಚು ಕೆರೆದ. ಹೊಸ ತುಂಡು ಜೋಡಿಸಿ, ಮತ್ತೆ ನೈಟ್ರೋಜನ್ ತುಂಬಿಟ್ಟ. ಮರುದಿನವೂ ಒತ್ತಡ ಮಾಪಕದ ಮುಳ್ಳು ಕದಲದಿದ್ದಾಗ, ಒಳಗಿನ ಗಾಳಿ ಮತ್ತು ತೇವ ಎಳೆದು ತೆಗೆದು ಗ್ಯಾಸ್ ತುಂಬಿದ. ನಲ್ಲಿಯಣ್ಣ ಟಾರ್ಚ್ ಹಿಡಿದು ಬೆಳಕು ತೋರಿಸುತ್ತಿದ್ದ.

ಆಮೇಲೆ ಅಮ್ಮನ ಬಳಿ ಹೋಗಿ ಕುಳಿತ.

"ನೀನು ಸಿಹಿ ತಿಂದಿರಲಿಲ್ಲ ಅಮ್ಮ."

"ಅದು ನಂಗೆ ಗೊತ್ತಿತ್ತು ಕಣೋ," ಎಂದಳು ಅವಳು.

ಬಂಧುಗಳೇ, ಫ್ರಿಜ್ಜಿನ ಕೊಳವೆಗೆ ನೀವೇ ಗರಗಸ ಹಚ್ಚಬೇಡಿ. ಹಲವು ಫ್ರಿಜ್ಜುಗಳ ಗ್ಯಾಸ್ ಬೆಂಕಿ ಹಿಡಿಯುವಂಥದ್ದು. ತರಬೇತಿ ಪಡೆದವರನ್ನೇ ಕರೆಯಿರಿ. ಸೋರಿಕೆಯ ಪರೀಕ್ಷೆ ನಿಮ್ಮೆದುರೇ ಆಗಲಿ. ಔಷಧಿಯ ಪಕ್ಕ ಒಂದು ಥರ್ಮಾಮೀಟರ್ ಇಡಿ. ಮನೆಯ ಹಿರಿಯರು ಔಷಧಿ ಹಿಡಿಯುತ್ತಿಲ್ಲ ಎಂದರೆ, ದಯವಿಟ್ಟು ಮೊದಲು ಅವರ ಮಾತು ನಂಬಿ.